ಹೊತ್ತು ಮುಳುಗದ ಊರಿಗೆ ಹೆಣ್ಣು ಕೊಡಬಹುದೇ?

ಬ್ರಿಟಿಷ್ ಸಾಮ್ರಾಜ್ಯ ನಮ್ಮ ಮನೆಯ ಒಂದು ಮದುವೆಯನ್ನು ಮುರಿಯಿತು. ಪೂರ್ತಿ ಮುರಿಯಲಿಲ್ಲ, ಮುರಿಯುವ ಅಂಚಿಗೆ ತಂದಿತ್ತು ಅನ್ನಬೇಕು. ಆ ಸಾಮ್ರಾಜ್ಯಕ್ಕೆ ಇದರ ಸುದ್ದಿಯೇ ಇರಲಿಲ್ಲ, ಪಾಪ. ಅದರ ಪರವಾಗಿ ಕೆಲಸ ಮಾಡಿದವಳು ನಾನು. ಆಗ ನನಗೆ ಒಂಬತ್ತು ವರ್ಷ.

ಈಗ ಯಾಕೆ ನೆನಪಾಯಿತು? ಮೊನ್ನೆ ಊಟಕ್ಕೆ ಕೂತಾಗ ಮೊಮ್ಮಕ್ಕಳು ನೀವಿಬ್ಬರೂ ಜಗಳ ತೆಗೆದಿರಲ್ಲ, ಅಮೆರಿಕ ದೊಡ್ಡದೋ ಚೀನಾ ದೊಡ್ಡದೋ ಅಂತ. ಒಬ್ಬ ಸೂಪರ್‌ಪವರ್ ಅಂದ. ಇನ್ನೊಬ್ಬಳು ಅದೆಲ್ಲ ಮುಗಿಯಿತು, ಈಗ ಡೌನ್ ಅಂದಳು. ಸಾರು ಆರಿತು. (ಟಿವಿ ರಿಮೋಟ್ ನಿಮ್ಮಮ್ಮನ ಕೈಯಲ್ಲಿತ್ತು. ಆ ಕೋಣೆಯಲ್ಲಿ ಸೂಪರ್‌ಪವರ್ ಯಾರು ಅಂತ ನನಗೇನೂ ಅನುಮಾನವಿರಲಿಲ್ಲ.) ಅಜ್ಜಿ ಯಾಕೆ ಸುಮ್ಮನಿದ್ದಾಳೆ ಅಂತ ನೀವು ಕೇಳಿದಿರಿ. ಊಟದ ಹೊತ್ತಿನಲ್ಲಿ ದೊಡ್ಡ ದೇಶಗಳ ಮಾತು ಬಂದರೆ ನಾನು ಬಾಯಿ ಬಿಡುವುದಿಲ್ಲ. ಒಮ್ಮೆ ಬಿಟ್ಟು ಅನುಭವಿಸಿದ್ದೇನೆ.

ಹೋದ ವಾರ ನಾನು ನಿಮಗೆ ಬರೆದ ಹಪ್ಪಳದ ಬರಹ ಬಹಳ ಉದ್ದವಾಯಿತು ಅಂತ ದೂರು ಬಂದಿದೆ. ಇದು ಅದಕ್ಕಿಂತ ಚಿಕ್ಕದು. ಇದರಲ್ಲಿ ಬರುವುದು ಒಂದೇ ಸಾಮ್ರಾಜ್ಯ.

ನನ್ನ ತವರು ಮಾನ್ವಿ ಕಡೆಯ ಒಂದು ಹಳ್ಳಿ, ತುಂಗಭದ್ರೆಯ ದಂಡೆಗೆ. ಈಚೆ ದಂಡೆ ನಿಜಾಮರದು. ಆಚೆ ದಂಡೆ ಇಂಗ್ರೇಜರದು. ನಡುವೆ ಹೊಳೆ, ಹೊಳೆಯಲ್ಲಿ ಒಂದು ಹರಿಗೋಲು. ಹರಿಗೋಲಿಗೆ ಮಾತ್ರ ಎರಡೂ ಸರ್ಕಾರ ಒಂದೇ. ಬೆಳಿಗ್ಗೆ ಆ ಕಡೆ ಹೋಗುತ್ತಿತ್ತು, ದನ ಮನೆಗೆ ಬರುವ ಹೊತ್ತಿಗೆ ಈ ಕಡೆ ಬಂದು ಮಗುಚಿಕೊಂಡು ಮಲಗುತ್ತಿತ್ತು.

ಶಾಲೆ ಅಂದರೆ ಹನುಮಪ್ಪನ ಗುಡಿಯ ಪೌಳಿ. ಹುಡುಗಿಯರು ನಾವು ಮೂವರು. ನಾನು ಎಲ್ಲರಿಗಿಂತ ಹಿಂದೆ, ಕಂಬದ ಮರೆಗೆ. ನಾಚಿಕೆ ಅಂದರೆ ಎಂಥ ನಾಚಿಕೆ? ಹಾಜರಿ ಕೂಗಿದಾಗ ನಾನು ಹೇಳುತ್ತಿದ್ದ 'ಹೂಂ' ನನಗೇ ಕೇಳುತ್ತಿರಲಿಲ್ಲ. ನಾನು ತಿಂಗಳಲ್ಲಿ ಅರ್ಧದಷ್ಟು ದಿನ ಶಾಲೆಗೇ ಬಂದಿಲ್ಲ ಅಂತ ಪುಸ್ತಕದಲ್ಲಿ ದಾಖಲಾಗಿತ್ತು.

ಮಾಸ್ತರು ರಾಯಚೂರಿನವರು. ಸ್ಟೇಷನ್ನಿನಲ್ಲಿ ಮುಂಬೈ ಕಡೆಯ ರೈಲು, ಮದ್ರಾಸ್ ಕಡೆಯ ರೈಲು ಎರಡನ್ನೂ ಕಂಡವರು. ಹೀಗಾಗಿ ಪ್ರಪಂಚ ಕಂಡವರೆಂದೇ ಲೆಕ್ಕ. ಒಂದು ದಿನ ಅವರು ಬಟ್ಟೆಯ ಮೇಲೆ ಅಂಟಿಸಿದ ದೊಡ್ಡ ನಕಾಶೆಯನ್ನು ರಾಯಚೂರಿನಿಂದ ಹೊತ್ತು ತಂದು ಕಂಬಕ್ಕೆ ತೂಗುಹಾಕಿದರು. ಕೆಂಪು ಬಣ್ಣ ಇದ್ದಲ್ಲೆಲ್ಲ ಇಂಗ್ರೇಜರ ರಾಜ್ಯ ಅಂದರು. ಏನು ಕೆಂಪು ಅಂತೀರಿ, ನಕಾಶೆಗೆ ದಡಾರ ಎದ್ದ ಹಾಗಿತ್ತು.

ಆಮೇಲೆ ಬೆತ್ತ ಎತ್ತಿ ಹೇಳಿದರು: "ಇಂಗ್ರೇಜರ ರಾಜ್ಯದಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಬರೆದುಕೊಳ್ಳಿರಿ."

ಬರೆದುಕೊಂಡೆವು. ಯಾಕೆ ಮುಳುಗುವುದಿಲ್ಲ ಅಂತ ಅವರು ಹೇಳುವವರೇ ಇದ್ದರು. ಅಷ್ಟರಲ್ಲಿ ಗುಡಿಯೊಳಗೆ ಪ್ರಸಾದ ಹಂಚಲು ಶುರುವಾಯಿತು. ಮೊದಲು ಎದ್ದವರು ಮಾಸ್ತರೇ.

ನಾನು ನಕಾಶೆಯ ಹತ್ತಿರ ಹೋಗಿ ನೋಡಿದೆ. ನಿಜಾಮರ ಸೀಮೆ ಹಳದಿ. ನಡುವೆ ಕೂದಲೆಳೆಯಂಥ ಹೊಳೆ. ಹೊಳೆಯ ಆಚೆ ಕೆಂಪು. ನಮ್ಮೂರಿನಲ್ಲಿ ಸೂರ್ಯ ದಿನಾ ಮುಳುಗುತ್ತಾನೆ, ಅದನ್ನು ನಾನೇ ಕಂಡಿದ್ದೇನೆ. ಅಂದರೆ ಹಳದಿಯಲ್ಲಿ ಮುಳುಗುತ್ತಾನೆ, ಕೆಂಪಿನಲ್ಲಿ ಮುಳುಗುವುದಿಲ್ಲ. ಇದರಲ್ಲಿ ತಪ್ಪು ಎಲ್ಲಿದೆ, ನೀವೇ ಹೇಳಿ?

ಮನೆಯಲ್ಲಿ ನನ್ನಜ್ಜಿಯ ರಾಜ್ಯ. ಹುಡುಗಿಗೆ ಶಾಲೆ ಯಾಕೆ ಅಂತ ಊರೆಲ್ಲ ಅಂದಾಗ, ಹೋಗಲಿ, ಏನು ತರುತ್ತಾಳೋ ನೋಡೋಣ ಅಂದವಳು ಅವಳೇ. ಅದಕ್ಕೊಂದು ಕರಾರಿತ್ತು. ಸಂಜೆ ರೊಟ್ಟಿಗೆ ಕೂಡುವ ಮೊದಲು ಅಂದು ಕಲಿತದ್ದರಲ್ಲಿ ಒಂದು ಮಾತನ್ನು ಎಲ್ಲರ ಎದುರು ಒಪ್ಪಿಸಬೇಕು.

ಅಂದು ಮನೆಯಲ್ಲಿ ಖುಷಿಯಿತ್ತು. ನನ್ನ ಸೋದರತ್ತೆ ಗಂಗಮ್ಮನನ್ನು ನೋಡಿಕೊಂಡು ಹೋದ ಗಂಡಿನ ಕಡೆಯವರು ಒಪ್ಪಿಗೆ ಹೇಳಿ ಕಳಿಸಿದ್ದರು. ಹುಡುಗ ಆದವಾನಿ ಪಟ್ಟಣದಲ್ಲಿ ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದ. ಮನೆ ಹೊಳೆಯ ಆಚೆ ದಂಡೆಯ ಹಳ್ಳಿಯಲ್ಲಿ, ನಮ್ಮೂರಿಗೆ ಸರಿಯಾಗಿ ಎದುರಿಗೆ. ಅತ್ತೆಗೆ ಆಗ ಹತ್ತೊಂಬತ್ತು. ಆ ಕಾಲಕ್ಕೆ ಅದು ಬಹಳವಾಯಿತು. ಮರುದಿನ ನಮ್ಮ ಕಡೆಯ 'ಹೂಂ' ಹೋಗುವುದಿತ್ತು.

ಅಜ್ಜಿ ರೊಟ್ಟಿ ಮುರಿಯುತ್ತಾ ಕೇಳಿದಳು: "ಏನ್ ಹೇಳ್ಯಾರಬೇ ಇವತ್ತ ನಿಮ್ಮ ಮಾಸ್ತರು?"

ನಾನು ನೆಲ ನೋಡುತ್ತಾ ಹೇಳಿದೆ: "ಇಂಗ್ರೇಜರ ರಾಜ್ಯದಾಗ ಹೊತ್ತು ಮುಳುಗಂಗಿಲ್ಲಂತ."

ಇಲ್ಲಿ ಒಂದು ಮಾತು. ಮಾಸ್ತರು ಅಂದದ್ದು ಸೂರ್ಯ. ನಾನು ಅದನ್ನು ಮನೆಯ ಮಾತಿಗೆ ಇಳಿಸಿ ಹೊತ್ತು ಅಂದೆ. ನಮ್ಮ ಕಡೆ ಸೂರ್ಯನಿಗೂ ಹೊತ್ತು ಅನ್ನುತ್ತೇವೆ, ವೇಳೆಗೂ ಹೊತ್ತು ಅನ್ನುತ್ತೇವೆ. ಹೊತ್ತು ಮುಳುಗಿದರೆ ಕೆಲಸ ಮುಗಿಯಿತು ಅಂತಲೇ ಅರ್ಥ. ಮಾಸ್ತರ ಸೂರ್ಯ ಆಕಾಶದಲ್ಲಿದ್ದ. ನನ್ನ ಹೊತ್ತು ನೇರವಾಗಿ ಅಡುಗೆಮನೆಗೆ ಬಂದು ಬಿತ್ತು.

"ಆಚಿ ದಂಡಿ?" ಅಂದಳು ಅಜ್ಜಿ.

"ಅದೂ ಕೆಂಪ ಅದ."

ಅಜ್ಜಿ ಮುರಿದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟಳು. ಆಮೇಲೆ ಒಂದೇ ಪ್ರಶ್ನೆ: "ಹಂಗಾರ ಅಲ್ಲಿ ಸೊಸಿ ಯಾವಾಗ ಮಲಗ್ತಾಳ?"

ಅಪ್ಪ ನಕ್ಕು, ಅಲ್ಲೂ ಮುಳುಗುತ್ತದೆ, ಇದೆಂಥ ಮಾತು ಅಂದ. ನೀನು ಕಣ್ಣಾರೆ ನೋಡಿದ್ದೀಯಾ ಅಂತ ಅಜ್ಜಿ ಕೇಳಿದಳು. ಹತ್ತಿ ಮಾರಲು ಅವನು ಎಷ್ಟೋ ಸಲ ಆ ಕಡೆ ಹೋಗಿದ್ದ, ನಿಜ. ಆದರೆ ಪ್ರತಿ ಸಲವೂ ಕೊನೆಯ ಹರಿಗೋಲಿಗೆ, ಬಿಸಿಲಿದ್ದಾಗಲೇ ವಾಪಸ್. ಓಣಿಯಲ್ಲಿ ವಿಚಾರಿಸಿದರು. ಎಲ್ಲರೂ ಬಿಸಿಲಿದ್ದಾಗಲೇ ವಾಪಸ್. ಅಂಬಿಗನನ್ನು ಕೇಳಿದರು. ಅವನೂ ಕತ್ತಲಾಗುವ ಮುಂಚೆ ಹರಿಗೋಲು ಕಟ್ಟಿ ನಮ್ಮ ದಂಡೆಯಲ್ಲೇ ಮಲಗುವವನು. ಇಷ್ಟು ಜನರಲ್ಲಿ ಒಬ್ಬನಾದರೂ ಆಚೆ ದಂಡೆಯ ಸಂಜೆ ಕಂಡಿರಬೇಡವೇ? ಕಂಡಿರಲಿಲ್ಲ.

ಅಜ್ಜಿಗೆ ಸಾಕ್ಷಿಯೂ ಸಿಕ್ಕಿತು. ಹೆಣ್ಣು ನೋಡಲು ಬಂದ ದಿನ ಆ ಹುಡುಗ ಊಟವಾದ ಮೇಲೆ ನಮ್ಮ ಕಟ್ಟೆಯ ಮೇಲೆ ಕೂತು ತೂಕಡಿಸಿದ್ದ. ಅದು ಆರು ರೊಟ್ಟಿಯ ತೂಕಡಿಕೆ. ಅಜ್ಜಿ ಮಾತ್ರ, ನಿದ್ದೆ ಕಾಣದ ಊರಿನವರು ಪಾಪ, ಇಲ್ಲಿ ಬಂದು ತೀರಿಸಿಕೊಂಡು ಹೋದರು ಅಂದಳು.

ನಮ್ಮ 'ಹೂಂ' ಹೋಗಲಿಲ್ಲ.

ಅದರ ಬದಲು ಸುದ್ದಿ ದೇವದುರ್ಗಕ್ಕೆ ಹೋಯಿತು. ಅಲ್ಲಿ ಅಜ್ಜಿಯ ತಮ್ಮನಿದ್ದ, ನಮ್ಮೆಲ್ಲರ ಬಾಯಲ್ಲಿ ದೇವದುರ್ಗದ ಮಾವ. ಗಂಗತ್ತೆಗೆ ಅವನು ಮೊದಲಿನಿಂದಲೂ ಒಂದು ಸಂಬಂಧ ಹಿಡಿದುಕೊಂಡು ಕಾಯುತ್ತಿದ್ದ. ಅವನ ಹೆಂಡತಿಯ ಕಡೆಯವನೊಬ್ಬ, ಹೆಂಡತಿ ತೀರಿಕೊಂಡವನು. ಆತ ಬಾಯಿ ತೆರೆದರೆ ಎಮ್ಮೆ. ಎಮ್ಮೆ ಏನು ತಿಂದಿತು, ಎಮ್ಮೆಗೆ ಏನು ಬೇಸರ, ಎಮ್ಮೆ ಯಾರ ಮೇಲೆ ಸಿಟ್ಟಾಗಿದೆ. ತೀರಿಕೊಂಡ ಹೆಂಡತಿಯ ಹೆಸರು ಕೇಳಿದರೆ ಅರೆಗಳಿಗೆ ಯೋಚಿಸುತ್ತಿದ್ದ.

ಮಾವ ಮೂರನೆಯ ದಿನವೇ ಬಂದಿಳಿದ. ನಕಾಶೆಯ ಮಾತು ನೂರಕ್ಕೆ ನೂರು ಖರೆ ಅಂದ. ಆಮೇಲೆ ತನ್ನ ಊರಿನ ಗುಣಗಾನ.

"ನಮ್ಮ ದೇವದುರ್ಗದಾಗ ದಿನಾ ಮುಳುಗ್ತದ ನೋಡಕ್ಕಾ. ನಾ ಹುಟ್ಟಿದಾಗಿನಿಂದ ಒಂದ್ ದಿನಾನೂ ತಪ್ಪಿಲ್ಲ."

ಅಜ್ಜಿ ತಲೆಯಾಡಿಸಿದಳು. ವರನಿಗೆ ಇದಕ್ಕಿಂತ ಒಳ್ಳೆಯ ಶಿಫಾರಸು ಬೇಕೇ?

ಅಂದು ಮಧ್ಯಾಹ್ನ ನಾನು ಜೋಳ ತುಂಬಿಡುವ ಗುಮ್ಮಿಯ ಹಿಂದೆ ಅಡಗಿ ಕೂತಿದ್ದೆ. ಗಂಗತ್ತೆ ಹುಡುಕಿಕೊಂಡು ಬಂದಳು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ. ಪಕ್ಕದಲ್ಲಿ ಕೂತು ಬೇರೆಯೇ ಒಂದು ಮಾತು ಹೇಳಿದಳು. ಹುಡುಗ ಊಟಕ್ಕೆ ಕೂತ ದಿನ, ಅವಳೇ ಆರಿಸಿದ ಅಕ್ಕಿಯಲ್ಲಿ ಕಲ್ಲು ಉಳಿದಿತ್ತು. ಅವನ ಹಲ್ಲಿಗೆ ಕಟಕ್ ಅಂದದ್ದು ಬಾಗಿಲ ಹಿಂದಿದ್ದ ಅವಳಿಗೂ ಕೇಳಿತು. ಅವನು ಯಾರಿಗೂ ಕಾಣದ ಹಾಗೆ ಕಲ್ಲು ತೆಗೆದು ತಟ್ಟೆಯ ಕೆಳಗೆ ಸರಿಸಿ, ಇನ್ನಷ್ಟು ಅನ್ನ ಹಾಕಿಸಿಕೊಂಡನಂತೆ.

"ಅಂಥವ ಮತ್ತ ಸಿಗಂಗಿಲ್ಲ," ಅಂದಳು. ಆಮೇಲೆ, "ಎಮ್ಮಿ ಮನಿಗೆ ನಾ ಹೋಗಂಗಿಲ್ಲ. ಮಾಸ್ತರನ್ನ ಕೇಳ್ಕೊಂಡು ಬಾ. ಖರೇನ ಮುಳುಗಂಗಿಲ್ಲೇನು?"

ಮಾಸ್ತರನ್ನು ಕೇಳುವುದೇ? ನಾನೇ? ಆ ರಾತ್ರಿ ನನಗೆ ನಿದ್ದೆಯಿಲ್ಲ, ನಮ್ಮದು ಹಳದಿ ಸೀಮೆಯಾದರೂ.

ಮರುದಿನ ಎಲ್ಲರೂ ಹೋದ ಮೇಲೆ ಮಾಸ್ತರ ಮುಂದೆ ನಿಂತೆ. ಇಂಗ್ರೇಜರ ರಾಜ್ಯದಲ್ಲಿ ಸೂರ್ಯ ಮುಳುಗುವುದೇ ಇಲ್ಲವೇ ಅಂತ ಕೇಳಿದೆ. ಕೇಳಿದೆ ಅಂತ ನಾನು ಅಂದುಕೊಂಡೆ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಕೊನೆಯ 'ವೇ' ಗಂಟಲಲ್ಲೇ ಉಳಿಯಿತು. ನಾನು ಪಾಠ ಒಪ್ಪಿಸುತ್ತಿದ್ದೇನೆ ಅಂತ ಮಾಸ್ತರು ತಿಳಿದರು. ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟ ಹುಡುಗಿ. ಅವರ ಕಣ್ಣು ತುಂಬಿತು. ಶಾಬಾಸ್ ಅಂತ ಬೆನ್ನು ತಟ್ಟಿ, ಒಂದು ಸೀಮೆಸುಣ್ಣ ಬಹುಮಾನ ಕೊಟ್ಟು ಕಳಿಸಿದರು.

ಸೀಮೆಸುಣ್ಣ ಹಿಡಿದು ಮನೆಗೆ ಬಂದವಳನ್ನು ಗಂಗತ್ತೆ ನೋಡಿದ ನೋಟವನ್ನು ನಾನು ಇಂದಿಗೂ ಮರೆತಿಲ್ಲ.

ಅಷ್ಟರಲ್ಲಿ ಅಜ್ಜಿಯೇ ಒಂದು ತೀರ್ಮಾನಕ್ಕೆ ಬಂದಿದ್ದಳು. ಮಗಳ ವಿಷಯ, ಇನ್ನೊಬ್ಬರ ಮಾತು ಕೇಳಿ ಬಿಡುವುದೂ ಇಲ್ಲ, ಕೊಡುವುದೂ ಇಲ್ಲ, ತಾನೇ ಹೋಗಿ ನೋಡಿ ಬರುತ್ತೇನೆ ಅಂದಳು. ಅಂಬಿಗ ಕತ್ತಲಾಗುವ ತನಕ ಆಚೆ ದಂಡೆಯಲ್ಲಿ ಕಾಯಲು ಒಪ್ಪಿದ. ಅವನಿಗೂ ಈಗ ಅನುಮಾನ ಹತ್ತಿತ್ತು. ದೇವದುರ್ಗದ ಮಾವ ತಾನಾಗಿಯೇ ಹರಿಗೋಲು ಹತ್ತಿದ. ನನ್ನನ್ನು ಕರೆದುಕೊಂಡದ್ದು ಕೆಂಪು ಎಲ್ಲಿಂದ ಶುರುವಾಗುತ್ತದೆ ಅಂತ ತೋರಿಸಲಿಕ್ಕೆ.

ಆಚೆ ದಂಡೆಯಲ್ಲಿ ಇಳಿದೆವು. ಮಣ್ಣು ಕೆಂಪಗಿರಲಿಲ್ಲ, ನಮ್ಮದರಂತೆಯೇ ಕಪ್ಪಗಿತ್ತು. ನನ್ನ ಮೊದಲ ಅನುಮಾನ ಅಲ್ಲಿಯೇ ಹುಟ್ಟಿತು. ಆದರೆ ಹೇಳಲಿಲ್ಲ, ಎಲ್ಲಿ ಹೇಳುತ್ತೇನೆ?

ಗಂಡಿನ ಮನೆ ಅಲ್ಲೇ ಕೂಗಳತೆಯಲ್ಲಿತ್ತು. ಅಜ್ಜಿ ಹೋಗಲಿಲ್ಲ. ಹೆಣ್ಣು ಕೊಡುವುದು ಗಟ್ಟಿಯಾಗುವ ತನಕ ಅವರ ನೀರು ಮುಟ್ಟಬಾರದು ಅನ್ನುವುದು ಅವಳ ನಿಯಮ. ಮರಳಿನಲ್ಲಿ ಸೆರಗು ಹೊದ್ದು ಕೂತು, ಸೂರ್ಯನನ್ನೇ ನೋಡತೊಡಗಿದಳು. ಸಾಲ ಕೇಳಲು ಬಂದವನನ್ನು ನೋಡುವ ಹಾಗೆ.

ಸೂರ್ಯ ಇಳಿಯಲು ಶುರು ಮಾಡಿದ. ಅಜ್ಜಿಯ ಮುಖ ಸಡಿಲಾಯಿತು. ಮಾವನ ಮುಖ ಬಿಗಿಯಿತು. ಇನ್ನೂ ಇಳಿದ, ಕೆಂಪಾದ, ದೊಡ್ಡವನಾದ. ಕೊನೆಗೆ ಮುಳುಗಿಯೇ ಮುಳುಗಿದ.

ಎಲ್ಲಿ ಮುಳುಗಿದ? ಹೊಳೆಯ ಈಚೆ, ನಮ್ಮೂರಿನ ಬೇವಿನ ಮರಗಳ ಹಿಂದೆ.

(ಆಚೆ ದಂಡೆ ಪೂರ್ವಕ್ಕೆ, ನಮ್ಮೂರು ಪಶ್ಚಿಮಕ್ಕೆ. ನೀವು ಭೂಗೋಳ ಓದಿದವರು, ನಗುತ್ತೀರಿ. ನಾವ್ಯಾರೂ ನಗಲಿಲ್ಲ.)

ಮಾವ ಮರಳಿನ ಮೇಲೆ ಎದ್ದು ನಿಂತ. "ನೋಡಿದ್ಯಾ ಅಕ್ಕಾ? ಮುಳುಗೂದಕ್ಕ ನಮ್ಮ ಸೀಮಿಗೇ ಬಂದ. ಇಲ್ಲಿ ಮುಳುಗಾಕ ಅವನಿಗೆ ಪರವಾನಗಿ ಇಲ್ಲ."

ಅಜ್ಜಿ ಬೆವರು ಒರೆಸಿಕೊಂಡಳು. ಕಣ್ಣಾರೆ ಕಂಡ ಮೇಲೆ ಇನ್ನೇನು ಹೇಳುವುದು? ಸೂರ್ಯ ನಮ್ಮ ಬೇವಿನ ಮರದ ಹಿಂದೆ ಮುಳುಗಿದ್ದಕ್ಕೆ ಅಂಬಿಗನೂ ಸಾಕ್ಷಿ.

ಆಗ ಊರ ಕಡೆಯಿಂದ ಒಂದು ಕಂದೀಲು ಅಲ್ಲಾಡುತ್ತಾ ಬಂತು. ಹಿಡಿದವಳು ಈರಮ್ಮ, ಹುಡುಗನ ತಾಯಿ. ಗಟ್ಟಿ ಆಳು, ಗಟ್ಟಿ ದನಿ. ಬೀಗರಾಗುವವರು ಮನೆಗೆ ಬಾರದೆ ಮರಳಿನಲ್ಲಿ ಕೂತಿದ್ದಾರೆ ಅಂತ ಯಾರೋ ಹೇಳಿದ್ದರು. ಏನು ತಪ್ಪಾಯಿತು, ಮನೆಗೆ ಬರ್ರಿ ಅಂದಳು. ಅಜ್ಜಿ ಕಣ್ಣು ತಗ್ಗಿಸಿದಳು. ನಿಮ್ಮಲ್ಲಿ ಸೂರ್ಯನ ವ್ಯವಸ್ಥೆ ಸರಿಯಿಲ್ಲ ಅಂತ ಬೀಗಿತ್ತಿಗೆ ಹೇಳುವುದು ಹೇಗೆ?

ಮಾವನಿಗೆ ಅಂಥ ಸಂಕೋಚವಿರಲಿಲ್ಲ. ಗಂಟಲು ಸರಿಮಾಡಿಕೊಂಡು, ತಪ್ಪು ತಿಳಿಯಬ್ಯಾಡ್ರಿ, ಈ ಸಂಬಂಧ ನಮಗ... ಅಂತ ಶುರು ಮಾಡಿಯೇಬಿಟ್ಟ.

ನನಗೆ ತಟ್ಟೆಯ ಕೆಳಗಿನ ಕಲ್ಲು ನೆನಪಾಯಿತು. ಎಮ್ಮೆಯೂ ನೆನಪಾಯಿತು. ಬಾಯಿ ತಾನಾಗಿಯೇ ತೆರೆಯಿತು.

"ಇಲ್ಲಿನೂ ಕತ್ತಲಾಗ್ಯಾದ."

ಎಲ್ಲರೂ ಸುತ್ತ ನೋಡಿದರು, ಯಾರು ಮಾತಾಡಿದ್ದು ಅಂತ. ಈರಮ್ಮ ಕಂದೀಲು ಎತ್ತಿ ನನ್ನ ಮುಖಕ್ಕೆ ಹಿಡಿದು, ಏನಂದಿ ಯವ್ವಾ, ಜೋರಾಗಿ ಅನ್ನು ಅಂದಳು.

"ಹೊತ್ತು ನಮ್ಮಲ್ಲೇ ಮುಳುಗಲಿ. ಕತ್ತಲಿ ಇಲ್ಲಿಗೂ ಬಂದದ. ನೋಡಬೇ ಅಜ್ಜಿ, ಕಂದೀಲ ಹಿಡದಾರ."

ಅಷ್ಟೇ ನೋಡಿ. ಒಂಬತ್ತು ವರ್ಷದ ಮಾತೆಲ್ಲ ಅಂದೇ ಖರ್ಚಾಯಿತು. (ನಿಮ್ಮ ತಾತನಿಗೆ ಇದನ್ನು ಹೇಳಿದಾಗ ಅವರು ಕೊನೆಯವರೆಗೂ ನಂಬಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದರೂ ಅವರು ಕೇಳಿದ್ದು ನನ್ನ 'ಹೂಂ' ಮಾತ್ರ.)

ಅಜ್ಜಿ ಕಂದೀಲನ್ನೇ ನೋಡಿದಳು. ಕಂದೀಲು ಯಾಕೆ ಬೇಕಾಯಿತು ಅಂತ ಅವಳಿಗೆ ಹೊಳೆದಿರಲೇ ಇಲ್ಲ. ಆಮೇಲೆ ಶಾಲೆ, ನಕಾಶೆ, ಕೆಂಪು, ತೂಕಡಿಕೆ ಎಲ್ಲ ಒಂದೊಂದಾಗಿ ಹೊರಬಂತು. ಈರಮ್ಮ ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿದಳು.

"ಹೊತ್ತು ಮುಳುಗಂಗಿಲ್ಲಂದ್ರ," ಅಂದಳು ಕೊನೆಗೆ, "ನಾ ಯಾವಾಗ ಕುಂದರ್ಲಿ ಅಕ್ಕಾರ?"

ಹಾಗೆಂದವಳು ಕಂದೀಲನ್ನು ಪಕ್ಕಕ್ಕಿಟ್ಟು ಮರಳಿನಲ್ಲಿ ಕೂತೇಬಿಟ್ಟಳು, ಕಾಲು ಚಾಚಿ, ಉಸ್ಸಪ್ಪಾ ಅಂತ. ಬೆಳಕು ಅವಳ ಹಿಮ್ಮಡಿಗೆ ಬಿತ್ತು. ಎರೆಹೊಲ ಬಿರುಕು ಬಿಟ್ಟ ಹಾಗಿತ್ತು ಹಿಮ್ಮಡಿ. ಅಜ್ಜಿ ಅದನ್ನು ನೋಡಿ ತನ್ನ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಅವಳದೂ ಹಾಗೆಯೇ ಇತ್ತು.

ಮಾವ ಇನ್ನೂ ನಕಾಶೆ, ನಕಾಶೆ ಅನ್ನುತ್ತಿದ್ದ.

"ಸುಮ್ನಿರೋ," ಅಂದಳು ಅಜ್ಜಿ. "ನನ್ನ ಮಗಳು ನಕಾಶಿದಾಗ ಸಂಸಾರ ಮಾಡಂಗಿಲ್ಲ." ಆಮೇಲೆ ಈರಮ್ಮನ ಕಡೆ ತಿರುಗಿ, ಕುಡಿಯಲು ಒಂದಿಷ್ಟು ನೀರು ತರಿಸು ಅಂದಳು.

ಆ ಬೇಸಿಗೆಯಲ್ಲೇ ಮದುವೆಯಾಯಿತು. ದೇವದುರ್ಗದ ಮಾವ ಬಂದು ಚೆನ್ನಾಗಿಯೇ ಉಂಡು ಹೋದ.

ಮುಂದಿನದು ಇನ್ನೂ ತಮಾಷೆ. ಶ್ರಾವಣದಲ್ಲಿ ಗಂಗತ್ತೆ ಪಂಚಮಿಗೆ ತವರಿಗೆ ಬರುವಷ್ಟರಲ್ಲಿ ಇಂಗ್ರೇಜರು ಗಂಟುಮೂಟೆ ಕಟ್ಟಿದ್ದರು. ಆಚೆ ದಂಡೆಗೆ ಸ್ವಾತಂತ್ರ್ಯ ಬಂದಿತ್ತು. (ಈಚೆ ದಂಡೆಯ ನಾವು ಇನ್ನೂ ಒಂದು ವರ್ಷ ಹಳದಿಯಾಗಿಯೇ ಉಳಿದೆವು. ಆ ವರ್ಷದ ಕಥೆ ನಗುವಂಥದಲ್ಲ, ಇಲ್ಲಿ ಬೇಡ.) ಮಾಸ್ತರು ನಕಾಶೆ ಸುತ್ತಿ ಅಟ್ಟಕ್ಕೆ ಹಾಕಿದರು. ಅಷ್ಟು ದೊಡ್ಡ ರಾಜ್ಯ ಹೀಗೆ ಏಕಾಏಕಿ ಯಾಕೆ ಹೋಯಿತು ಅಂತ ಊರಿನ ಕಟ್ಟೆಯ ಮೇಲೆ ಚರ್ಚೆ. ಒಬ್ಬ ಯುದ್ಧ ಅಂದ, ಇನ್ನೊಬ್ಬ ಸತ್ಯಾಗ್ರಹ ಅಂದ.

ಅಜ್ಜಿಗೆ ಮಾತ್ರ ಕಾರಣ ಗೊತ್ತಿತ್ತು. "ನಾ ಹೋಗಿ ನೋಡಿ ಬಂದ್ನಲ್ಲಾ, ಮುಳುಗ್ತದ ಅಂತ ಎಲ್ಲಾರಿಗೂ ಗೊತ್ತಾತು. ಇನ್ನ ಯಾವ ಮುಖ ಇಟ್ಕೊಂಡು ಇರ್ತಾರ?" ಅಂದಳು. ಸಾಯುವ ತನಕ ಬ್ರಿಟಿಷ್ ಸಾಮ್ರಾಜ್ಯವನ್ನು ಕಳಿಸಿದ್ದು ತಾನೇ ಅಂತ ನಂಬಿದ್ದಳು. ಒಂದು ಸಂಜೆ, ಒಂದು ಹರಿಗೋಲು. ಇಷ್ಟು ಸುಲಭದಲ್ಲಿ ಇನ್ಯಾರು ಕಳಿಸಿದ್ದಾರೆ?

ಅತ್ತೆಮನೆ ಹೇಗಿದೆ ಅಂತ ಆ ಪಂಚಮಿಗೆ ಅಜ್ಜಿ ಮಗಳನ್ನು ಕೇಳಿದಳು. ಗಂಡ ಒಳ್ಳೆಯವನಂತೆ, ಅನ್ನದಲ್ಲಿ ಕಲ್ಲು ಸಿಕ್ಕರೆ ಈಗೀಗ ಬಾಯಿ ಬಿಟ್ಟು ಹೇಳುತ್ತಾನಂತೆ. ಈರಮ್ಮ?

ಗಂಗತ್ತೆ ಹೋಳಿಗೆ ತಟ್ಟುತ್ತಾ ಹೇಳಿದಳು: "ಯಾವಾಗ ಕುಂದರ್ಲಿ ಅಂದಿದ್ರಲ್ಲಾ ಅವತ್ತ? ನಾ ಹೋದ ದಿನ ಕುಂತಾರ. ಇನ್ನೂ ಎದ್ದಿಲ್ಲ."

ಅಜ್ಜಿ ಕೈ ನಿಲ್ಲಿಸಿದಳು. ವಾಪಸ್ ಕರೆದುಕೊಂಡು ಬರಲೇ ಅಂತ ಕೇಳಿದಳು, ಹಿಟ್ಟು ನೋಡುತ್ತಾ, ಸಣ್ಣ ದನಿಯಲ್ಲಿ. ಬೇಡ ಅಂದಳು ಗಂಗತ್ತೆ. ಬೇಸರದಿಂದ ಅಂದದ್ದಲ್ಲ. ಅವಳ ತುಟಿಯ ಮೂಲೆಯಲ್ಲಿ ನಗುವಿತ್ತು. ಆ ನಗು ಯಾಕೆ ಅಂತ ನನಗೆ ಅರ್ಥವಾಗಲು ನಾಲ್ಕು ಪಂಚಮಿ ಬೇಕಾದವು.

ಏನಾಯಿತು ಗೊತ್ತೇ? ಈರಮ್ಮ ಕೂತಳು. ಕೂತಲ್ಲಿಂದಲೇ ಹುಕುಂ ಕೊಟ್ಟಳು. ಸೊಸೆ ನಿಂತಳು, ಓಡಾಡಿದಳು, ಮೇಲಿನದನ್ನು ಇಳಿಸಿದಳು, ಕೆಳಗಿನದನ್ನು ಮೇಲಿಟ್ಟಳು. ವರ್ಷ ಕಳೆದಂತೆ ಯಾವುದು ಎಲ್ಲಿದೆ ಅಂತ ಆ ಮನೆಯಲ್ಲಿ ಗೊತ್ತಿದ್ದವಳು ಗಂಗತ್ತೆ ಒಬ್ಬಳೇ. ಜಗಳವಾಗಲಿಲ್ಲ, ಉಪವಾಸ ಕೂಡಲಿಲ್ಲ, ಯಾರೂ ಯಾರನ್ನೂ ಓಡಿಸಲಿಲ್ಲ. ನಾಲ್ಕನೆಯ ವರ್ಷ ನಾನು ಆ ಮನೆಗೆ ಹೋದಾಗ ಈರಮ್ಮ ಕಟ್ಟೆಯ ಮೇಲೆ ಮಹಾರಾಣಿಯ ಹಾಗೆ ಕೂತಿದ್ದಳು. ಬಂದವರೆಲ್ಲ ಮೊದಲು ಅವಳ ಕಾಲಿಗೇ ಬೀಳುತ್ತಿದ್ದರು. ದನಿಯೂ ಅಷ್ಟೇ ಗಟ್ಟಿ. ಆದರೆ ನನ್ನ ಬಾಯಿಗೆ ಒಂದು ಚೂರು ಬೆಲ್ಲ ಹಾಕಬೇಕು ಅಂತ ಅವಳಿಗೆ ಆಸೆಯಾದಾಗ ಒಳಗೆ ನೋಡಿ, ಗಂಗಾ, ಬೆಲ್ಲದ ಡಬ್ಬಿ ಎಲ್ಲಿಟ್ಟೀಯವ್ವಾ ಅಂತ ಕೇಳಬೇಕಾಯಿತು. ಡಬ್ಬಿ ಮೇಲಿನ ಗೂಡಿನಲ್ಲಿತ್ತು. ನಿಂತವರ ಕೈಗೆ ಮಾತ್ರ ಎಟುಕುವ ಗೂಡು.

ಮೊನ್ನೆ ನಿಮ್ಮಲ್ಲೊಬ್ಬರು ಪೇಪರ್ ನೋಡಿ 'ರಿಲೇಟಿವ್ ಡಿಕ್ಲೈನ್' ಅಂದಿರಿ. ಡಿಕ್ಲೈನ್ ಅಂದರೆ ಇಳಿತ ಅಂತ ಹೇಳಿಕೊಟ್ಟಿರಿ. ರಿಲೇಟಿವ್ ಅಂದರೆ ನೆಂಟರು, ಅದು ನನಗೆ ಮೊದಲೇ ಗೊತ್ತಿತ್ತು. ಹಾಗಾದರೆ ಪೇಪರಿನವರು ಸರಿಯಾಗಿಯೇ ಬರೆದಿದ್ದಾರೆ. ನೆಂಟರಿಂದಾದ ಇಳಿತ.

ಅಮೆರಿಕವೋ ಚೀನಾವೋ, ಅದನ್ನು ನೀವು ಓದಿದವರು ತೀರ್ಮಾನ ಮಾಡಿಕೊಳ್ಳಿ. ನನ್ನದು ಒಂದೇ ಪ್ರಶ್ನೆ: ಅಷ್ಟು ದೊಡ್ಡ ದೇಶಗಳಲ್ಲಿ ಬೆಲ್ಲದ ಡಬ್ಬಿ ಈಗ ಯಾರ ಕೈಗೆ ಎಟುಕುತ್ತದೆ?